ಕೊನೆಯ ಎಂಟು ಹೆಜ್ಜೆ

ಸಮರ್‌ಸೆಟ್, ನ್ಯೂಜೆರ್ಸಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತ್ರಿಪುರಾ,

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಕಾಫಿಗಾಗಿ ಕಾದಿರುವ ಮಹನೀಯರೇ! ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಜನ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದ ನೃತ್ಯಗಳನ್ನು ಹಳೆಯ ಕಾಗದಗಳಿಂದ ಎಬ್ಬಿಸಿ ನಿಲ್ಲಿಸುವ ವಿದುಷಿಯ ಗಂಡ ಸುಬ್ಬು, ಎರಡು ಮಾತಾಡಲು ಅಪ್ಪಣೆ ಬೇಡುತ್ತಾನೆ. ಸಭೆಯಲ್ಲಿರುವುದು ನಿನ್ನ ಕುರ್ಚಿ ಮಾತ್ರ. ಅದರ ಮೇಲೆ ಮೂರು ವಾರದಿಂದ ಮಡಿಸದ ನನ್ನ ಬಟ್ಟೆ.

ಹೇಗಿದ್ದೀಯ? ರೋಚೆಸ್ಟರ್‌ನಲ್ಲಿ ಆಗಲೇ ಸ್ನೋ ಬಿತ್ತಂತೆ. ನಿಮ್ಮಕ್ಕನ ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಫೋನಿನಲ್ಲಿ ಏನು ಕೇಳಿದರೂ "ಹೂಂ" ಅನ್ನುತ್ತೀಯ. ಗುರುವಾರದ ನೆನಪಿನ ಟೆಸ್ಟಿಗೆ ಹೆದರಿದ್ದೀಯ ಎಂದು ಗೊತ್ತು. ನಿಮ್ಮಮ್ಮ ಐವತ್ತೆರಡನೇ ವಯಸ್ಸಿಗೇ ನಿನ್ನ ಹೆಸರು ಮರೆತವರು. ಹೆದರದೆ ಏನು ಮಾಡುತ್ತೀಯ.

ನಿನ್ನೆ ವೆಸ್ಟ್ ವಿಂಡ್ಸರ್‌ನ ಚರ್ಚ್ ಹಾಲಿಗೆ, ನಮ್ಮ ಗುಂಪಿನ ನೃತ್ಯಕ್ಕೆ, ಒಬ್ಬನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಜೋಡಿಯಿಲ್ಲದ ನಾನು ಗೋಡೆಯ ಪಕ್ಕ. ಗುಂಪಿನ ಶ್ಯಾಮ್ ಬಂದು, "ಏನ್ರೀ ಸುಬ್ಬು, ಅವ್ರಿಲ್ದೆ ನೀವು ಬರೀ ಕಂಬ ಆಗ್ಬಿಟ್ರಲ್ರೀ" ಅಂದ. ನಕ್ಕೆ. ಹೆಜ್ಜೆ ನೆನಪಿಡಲು ನಾನು ಕಟ್ಟಿದ ಪ್ರಾಸ ಬಾಯಲ್ಲೇ ಓಡುತ್ತಿತ್ತು: "ಬಲಗೈ ಕೊಟ್ಟು ಒಂದು ಸುತ್ತು, ಎಡಗೈ ಕೊಟ್ಟು ಇನ್ನೊಂದು ಸುತ್ತು." ನೀನು ಬಯ್ಯುತ್ತಿದ್ದೆ, ಇಂಗ್ಲಿಷ್ ನೃತ್ಯಕ್ಕೆ ಮಗ್ಗಿ ಹೇಳಿದ ಹಾಗಿದೆ ಎಂದು. ಸೆಪ್ಟೆಂಬರಿನಲ್ಲಿ ನೀನು ಮುಂದಿಟ್ಟ ಆ ನೃತ್ಯವನ್ನು ಯಾರೂ ಕುಣಿಸಲಿಲ್ಲ. ಅದರ ಹಾಳೆಗಳನ್ನು ಪೆಟ್ಟಿಗೆಗೆ ಹಾಕಿ ಮೇಲಿಟ್ಟಿದ್ದಾರೆ.

ಸೆಪ್ಟೆಂಬರಿನ ಆ ಸಭೆ ಈಗಲೂ ಕಣ್ಣಿಗೆ ಕಟ್ಟಿದೆ. ೧೮೧೪ರಲ್ಲಿ ಯಾವಳೋ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ನೃತ್ಯ, ನೀನು ಎರಡು ವರ್ಷ ಅದರ ಬೆನ್ನು ಹತ್ತಿ ಓದಿದ್ದು. ಬಾಸ್ಟನ್ನಿನಿಂದ ಬಂದಿದ್ದ ಹಿರಿಯರು ಮೂಲ ಪುಟದ ಫೋಟೋ ನೋಡೋಣ ಅಂದರು. ಪರದೆಯ ಮೇಲೆ ಕೊನೆಯ ಎಂಟು ಹೆಜ್ಜೆಗಳ ಜಾಗದಲ್ಲಿ ನೀರಿನ ಕಲೆ ಬಿಟ್ಟು ಬೇರೇನೂ ಇರಲಿಲ್ಲ. ನೀನು ಹಂಚಿದ ಹಾಳೆಯಲ್ಲಿ ಮಾತ್ರ ಅವು ಇದ್ದವು, ಕಂಸವಿಲ್ಲದೆ. ನಮ್ಮ ಊಹೆ ಕಂಸದೊಳಗೆ, ಹಳಬರು ಬರೆದದ್ದು ಹೊರಗೆ ಎಂದು ಎಲ್ಲರಿಗೂ ಕಲಿಸಿದವಳು ನೀನು. ಅಷ್ಟು ಜನರ ಮುಂದೆ ನೀನು, "ಅಲ್ಲಿ ಇತ್ತು, ನಾನೇ ಓದಿದ್ದೆ" ಅನ್ನುತ್ತ ನಿಂತೆ. ಕಾರಿನಲ್ಲಿ ನೀನು ಮೆಲ್ಲಗೆ, "ಇಲ್ದೇ ಇರೋದನ್ನ ಓದಿದೀನಿ ಅಂದ್ರೆ, ಅಮ್ಮಂಗೆ ಆದ್ ಹಾಗೇ ಶುರುವಾಯ್ತು ರೀ" ಅಂದೆ. ನೀನು ಬರೆದುಕೊಟ್ಟದ್ದನ್ನೇ ಟೈಪ್ ಮಾಡಿದ್ದು ಎಂದು ನಾನಂದೆ. ಮಾರನೆಯ ದಿನ ಕಪಾಟು ಪೂರ್ತಿ ಖಾಲಿ ಮಾಡಿ ನಿನ್ನ ಕೈಬರಹದ ಪ್ರತಿಗಾಗಿ ಹುಡುಕಿದೆವು. ಸಿಗಲಿಲ್ಲ. ಅಂದಿನಿಂದ ನೀನು ಒಲೆ ಆರಿಸಿದ್ದೀನಾ ಎಂದು ಎರಡೆರಡು ಸಲ ಎದ್ದು ನೋಡುತ್ತಿದ್ದೆ.

ಗಂಟಲಿಗೆ ಬಿಸಿನೀರು ಕುಡಿಯುವುದನ್ನು ಬಿಡಬೇಡ. ನಿಮ್ಮಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ
ಸುಬ್ಬು

ತಾ.ಕ.: ಮೂರು ಸಲ ಫೋನ್ ಮಾಡಿ ಮೂರು ಸಲವೂ ಸ್ನೋ ಬಗ್ಗೆ ಮಾತಾಡಿ ಇಟ್ಟೆ. ಭಾಷಣ ಸಾಕು. ಆ ಎಂಟು ಹೆಜ್ಜೆ ನನ್ನವು. ನಿನ್ನ ಪ್ರತಿಯಲ್ಲಿ ಆ ಜಾಗ ಖಾಲಿ ಇತ್ತು. ಟೈಪ್ ಮಾಡುವಾಗ ಪ್ರಾಸ ಅರ್ಧಕ್ಕೆ ನಿಂತು ಕಾಡಿತು. "ಹಿಂದೆ ಸರಿ ಎರಡು ಹೆಜ್ಜೆ, ಮುಂದೆ ಬಾ ಬಿಟ್ಟು ಲಜ್ಜೆ" ಎಂದು ಹೊಳೆದದ್ದನ್ನೇ ಇಂಗ್ಲಿಷಿನಲ್ಲಿ ತುಂಬಿಸಿದೆ. ಕಂಸ ಹಾಕಲಿಲ್ಲ. ನಿನಗೆ ಹೇಳಲೂ ಇಲ್ಲ. ಆ ಸಭೆಗೆ ಮುಂಚೆ ಇಪ್ಪತ್ತು ಜೋಡಿ ಅದನ್ನು ಕುಣಿದಾಗ ಹಿಗ್ಗಿದೆ. ಕಪಾಟು ಹುಡುಕುವಾಗ ನಿನ್ನ ಪ್ರತಿ ನನ್ನ ಆಫೀಸ್ ಬ್ಯಾಗಿನಲ್ಲಿತ್ತು, ನಾನೇ ಇಟ್ಟದ್ದು. ಇದರ ಜೊತೆ ಕಳಿಸುತ್ತಿದ್ದೇನೆ. ಬುಧವಾರ ತಲುಪುತ್ತದೆ. ಕೊನೆಯ ಸಾಲು ನೋಡು, ಪೆನ್ಸಿಲಿನಲ್ಲಿ ನಿನ್ನದೇ ಅಕ್ಷರ: "ನೀರಿನ ಕಲೆ. ಓದಲಾಗುತ್ತಿಲ್ಲ." ನಿನಗೇನೂ ಆಗಿಲ್ಲ ತ್ರಿಪುರಾ. ನೀನು ಸರಿಯಾಗಿಯೇ ಓದಿದ್ದೆ.