ಹಿಂಬಾಗಿಲಿನ ಬಿಸಿನೀರು

ಜನವರಿ 9, ಶುಕ್ರವಾರ. ಬಣಕಲ್.

ಕವನಾಳ ಮುಖ ಕಣ್ಣಿಂದ ಹೋಗುತ್ತಿಲ್ಲ.

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಈ ಕೇಂದ್ರ ವಿಮಲಮ್ಮನವರಿಂದ ನನ್ನ ಕೈಗೆ ಬಂದು ಇನ್ನೂ ವಾರ. ಬಂದವಳೇ ಶಿಸ್ತು ತರಲು ಹೊರಟೆ. ಹಿಂಬಾಗಿಲ ಹತ್ತಿರ ಅವರು ದಿನಾ ಸಂಜೆ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಮಕ್ಕಳಿರುವ ಕಡೆ ಬೆಂಕಿ ಯಾಕೆಂದು ನಿಲ್ಲಿಸಿದೆ. ತಾಯಂದಿರು ಒಳಗೆ ಬರುವುದು ಬೇಡ, ಮಕ್ಕಳನ್ನು ಗೇಟಿನಲ್ಲೇ ಒಪ್ಪಿಸುತ್ತೇನೆ ಎಂದೆ. ಯಾರೂ ಎದುರಾಡಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಇವತ್ತು ಕವನಾಳ ಅಮ್ಮ ರೂಪಶ್ರೀ ಕಾಫಿ ಕೊಯ್ದು ತೋಟದಿಂದ ನೇರ ಇಲ್ಲಿಗೇ ಬಂದಳು. ಮಗು ಅಮ್ಮನತ್ತ ಓಡಿತು. ಅವಳು ಎರಡೂ ಕೈ ಮೇಲೆತ್ತಿ ಹಿಂದೆ ಸರಿದಳು.

"ಮುಟ್ಬೇಡ ಮಗಾ, ಕೈಯೆಲ್ಲ ಅಂಟು. ಯೂನಿಫಾರ್ಮಿಗೆ ಕರೆ ಹಿಡಿದ್ರೆ ಹೋಗಲ್ಲ."

ಕವನಾ ಅಳಲಿಲ್ಲ. ಚೀಲ ಹೊತ್ತು ಅಮ್ಮನಿಂದ ನಾಲ್ಕು ಮಾರು ಹಿಂದೆ ನಡೆದಳು.

ವಿಮಲಮ್ಮನವರಿಗೆ ಫೋನ್ ಮಾಡಿದೆ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಹೇಳ್ಬೇಕಿತ್ತು ಇಸ್ಮತ್. ಕೊಯ್ಲು ಮುಗಿಯೋವರೆಗೂ ತಾಯಂದ್ರು ಆ ಹಂಡೆ ನೀರಲ್ಲಿ ಕೈ ತೊಳ್ಕೊಂಡು ಮಕ್ಳನ್ನ ಎತ್ಕೊಳ್ತಿದ್ರು. ಮನೆಗೆ ಹೋದ್ರೆ ಒಲೆ, ಅಡುಗೆ. ಎತ್ಕೊಳ್ಳೋಕೆ ಪುರುಸೊತ್ತೆಲ್ಲಿ ಮಾರಾಯ್ತಿ?"

ನನ್ನ ಶಿಸ್ತು ಮಾಡಿದ್ದು ಇಷ್ಟು.

ನಾಳೆ ಹಂಡೆಯ ಸುತ್ತ ತಂತಿ ಬಲೆ ಕಟ್ಟಿಸಬೇಕು. ಸೋಪು ತರಬೇಕು. ಹಿಂಬಾಗಿಲ ಚಿಲಕ ತೆಗೆದಿಡಬೇಕು. ನೀರು ಹದ ಮಾಡಿ ಚೊಂಬನ್ನು ಕವನಾಳ ಕೈಗೆ ಕೊಡುತ್ತೇನೆ, ಅಮ್ಮನ ಕೈಗೆ ಅವಳೇ ಹುಯ್ಯಲಿ. ಆಮೇಲೆ ಸ್ವಲ್ಪ ಹೊತ್ತು ನಾನು ಆ ಕಡೆ ನೋಡುವುದಿಲ್ಲ.