ಗಂಡು ಮುರುಗಲು ಮತ್ತು ನನ್ನ ಅನುಭವ ಪತ್ರ

ಸಸಿ ನರ್ಸರಿಯ ಮೇಲಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಬೇಕಿತ್ತು. ಕೈ ಬರಲಿಲ್ಲ. ಗಿಡಗಳ ಆರೈಕೆಗೆ ಸಹಾಯಕಿ ಬೇಕೆಂದು ನೀವು ಹೊರಡಿಸಿದ ಪ್ರಕಟಣೆ ನೋಡಿ ನಾನು ಹಾಕಿದ ಅರ್ಜಿಯನ್ನು ‘ಅನುಭವ ಪತ್ರ ಇಲ್ಲ’ ಎಂದು ಷರಾ ಬರೆದು ವಾಪಸು ಕಳಿಸಿದ್ದೀರಿ. ಪಾಕೀಟಿಗೆ ಮಣ್ಣು ತುಂಬುವುದು, ನೀರು ಹಾಕುವುದು, ಕಳೆ ಕೀಳುವುದು, ಕಸಿ ಕಟ್ಟುವುದು. ನಿಮ್ಮಲ್ಲಿ ಇದಕ್ಕಿಂತ ಕೆಳಗಿನ ಹುದ್ದೆ ಇಲ್ಲ. ಕೆಲಸಕ್ಕೆ ಹೊಸದಾಗಿ ಸೇರುವವರಿಗೂ ಎರಡು ವರ್ಷದ ಅನುಭವ ಬೇಕಂತೆ! ಆಗಲಿ, ಬೇಕೆನ್ನಿ. ನಾನು ದಿನಗೂಲಿಗೆ ಎಂಟು ವರ್ಷ ಮಣ್ಣು ತುಂಬಿದ್ದು ಯಾರ ನರ್ಸರಿಯಲ್ಲಿ ಸ್ವಾಮೀ? ನಿಮ್ಮದರಲ್ಲೇ ಅಲ್ಲವೇ? ಪತ್ರ ಕೇಳಲು ಹೊಳನಗದ್ದೆಯಿಂದ ನಾಲ್ಕು ಸಲ ನಿಮ್ಮ ಕಚೇರಿಗೆ ಬಂದೆ. ನಾಲ್ಕು ಸಲವೂ ನಿಮ್ಮ ಗುಮಾಸ್ತರು, “ನಿಮ್ ಹೆಸ್ರು ಯಾವ ದಾಖ್ಲೆಲೂ ಇಲ್ಲ, ನಾವ್ ಎಂತ ಮಾಡೂದು?” ಎಂದರು. ಬರುವ ತಿಂಗಳು ನನಗೆ ಮೂವತ್ತೈದು ತುಂಬುತ್ತದೆ. ನಿಮ್ಮ ನಿಯಮದಂತೆ ಆಮೇಲೆ ನಾನು ಅರ್ಜಿಯನ್ನೇ ಹಾಕುವಂತಿಲ್ಲ.

ನನ್ನ ಹೆಸರು ಇಲ್ಲವೆಂದೇ ನಾನೂ ನಂಬಿದ್ದೆ. ಹೋದ ವಾರ, ನಿಮ್ಮ ನರ್ಸರಿಯಿಂದ ಗಿಡ ಒಯ್ದಿದ್ದ ಕತಗಾಲದ ಗಂಗಕ್ಕ ನನ್ನ ಮನೆ ಹುಡುಕಿಕೊಂಡು ಬಂದು ಅಂಗಳದಲ್ಲೇ ನಿಂತು ಕೂಗಿದಳು: “ಎಂತ ಮಾರಾಯ್ತಿ, ನೀ ಕಟ್ಟಿದ ಕಸಿ! ನಲವತ್ತು ಮುರುಗಲು ಗಿಡ ನೆಟ್ಟೆ. ಒಂದಾದ್ರೂ ಹಣ್ಣು ಬಿಡ್ಬೇಕಾ ಬೇಡ್ವಾ?”

ಆ ಗಿಡಗಳ ಕತೆ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಆರು ವರ್ಷದ ಹಿಂದೆ ನೀವು ಇಷ್ಟು ದೊಡ್ಡ ಕುರ್ಚಿಗೆ ಏರಿರಲಿಲ್ಲ, ದಿನಾ ನರ್ಸರಿಗೆ ಬರುತ್ತಿದ್ದಿರಿ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರದ ಕುಡಿ ತಂದು ಕಸಿ ಕಟ್ಟಿದರೆ ಗಿಡವೇನೋ ಸೊಂಪಾಗಿ ಬೆಳೆಯುತ್ತದೆ, ಹಣ್ಣು ಮಾತ್ರ ಆಗುವುದಿಲ್ಲ. ನೀವು ಕುಡಿ ಕೊಯ್ಯಲು ತೋರಿಸಿದ್ದು ಗೇಟಿನ ಪಕ್ಕದ ಮರವನ್ನು. “ಅದು ಗಂಡು, ಸಾಯೇಬ್ರೆ. ಹೂ ಬಿಡ್ತದೆ, ಹಣ್ಣು ಆಗೂದಿಲ್ಲ. ನಮ್ಮೂರಲ್ಲಿ ಒಳ್ಳೆ ಹೆಣ್ಣು ಮರ ಅದೆ, ತರ್ತೆ” ಎಂದೆ. “ಜೀಪು ಅಲ್ಲಿಗೆಲ್ಲ ಹೋಗುವುದಿಲ್ಲ. ಮುರುಗಲು ಅಂದರೆ ಮುರುಗಲು. ನೀನು ನನಗೆ ಪಾಠ ಹೇಳಬೇಡ” ಎಂದಿರಿ. ನೀವು ಅತ್ತ ಹೋದ ಮೇಲೆ, ನನ್ನ ಜೊತೆ ಕೆಲಸಕ್ಕಿದ್ದ ಬಂಗಾರಜ್ಜಿ, “ಆತು ಮಗಾ, ಹೇಳ್ದಂಗೆ ಕಟ್ಟು. ಗಿಡ ಹಣ್ಣು ಬಿಡ್ದಿದ್ರೆ ಸಾಯೇಬ್ರೇ ಬಿಡ್ಲಿ” ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ನಾನೂ ನಕ್ಕೆ. ನಕ್ಕು, ಆ ಗಿಡಗಳನ್ನು ನನ್ನ ಕೈಯಾರೆ ಕಟ್ಟಿದೆ. ಆ ನಾಚಿಕೆ ನನಗೆ ಇವತ್ತಿಗೂ ಇದೆ. ನಿಮಗೆ ಇದೆಯೇ?

ಗಂಗಕ್ಕನ ಕೈಯಲ್ಲಿ ಒಂದು ಕಾಗದವಿತ್ತು. ಅವಳ ದೂರಿಗೆ ನೀವು ಸಹಿ, ಮೊಹರು ಹಾಕಿ ಕೊಟ್ಟ ಉತ್ತರ. ‘ಸದರಿ ಕಸಿಗಳನ್ನು ನಮ್ಮ ನರ್ಸರಿಯಲ್ಲಿ ದೀರ್ಘ ಅನುಭವವುಳ್ಳ ಕೆಲಸಗಾರ್ತಿ, ಹೊಳನಗದ್ದೆಯ ನರ್ಮದಾ ಎಂಬುವರು ಕಟ್ಟಿದ್ದು, ಮರದ ಆಯ್ಕೆಯಲ್ಲಿ ಅವರಿಂದಲೇ ಲೋಪವಾಗಿರುತ್ತದೆ.’

ಅಬ್ಬಾ! ನಾಲ್ಕು ಸಲ ಹುಡುಕಿದರೂ ಸಿಗದ ಹೆಸರು ಊರಿನ ಸಮೇತ ಸಿಕ್ಕಿತಲ್ಲ! ಗಂಗಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಆ ಕಾಗದದ ನಕಲು ಮಾಡಿಸಿಕೊಳ್ಳಲು ನನ್ನ ಜೊತೆ ಕುಮಟೆಯವರೆಗೂ ಬಂದಳು.

ಶನಿವಾರ ಅರ್ಜಿಗೆ ಕೊನೆಯ ದಿನ. ನನ್ನ ಅರ್ಜಿಯನ್ನು ಮತ್ತೆ ಹಾಕಿದ್ದೇನೆ. ಅನುಭವ ಪತ್ರದ ಜಾಗದಲ್ಲಿ ನಿಮ್ಮ ಆ ಉತ್ತರವನ್ನೇ ಲಗತ್ತಿಸಿದ್ದೇನೆ. ಸಹಿ ನಿಮ್ಮದು, ಮೊಹರು ನಿಮ್ಮದು, ‘ದೀರ್ಘ ಅನುಭವ’ ಎಂಬ ಮಾತೂ ನಿಮ್ಮದೇ. ಅದು ನಿಜವಾದರೆ ಅರ್ಜಿ ಸ್ವೀಕರಿಸಿ. ಸುಳ್ಳಾದರೆ, ಸುಳ್ಳು ಬರೆದೆ ಎಂದು ಗಂಗಕ್ಕನಿಗೆ ಅದೇ ಮೊಹರು ಹಾಕಿ ತಿಳಿಸಿ. ಎರಡರಲ್ಲಿ ಒಂದನ್ನು ಶನಿವಾರದೊಳಗೆ ಮಾಡಿ.

ಇಂತಿ,
ತಪ್ಪು ಹೊರಿಸಲು ಮಾತ್ರ ನಿಮ್ಮ ದಾಖಲೆಯಲ್ಲಿ ಸಿಗುವ
ನರ್ಮದಾ, ಹೊಳನಗದ್ದೆ