ದನಿಸೂತಕದ ವರ್ಷ

ಚಿತ್ರದುರ್ಗ, ಗಾಳಿಗುಡ್ಡದ ಬೀದಿ
ನಮ್ಮ ಲೆಕ್ಕಕ್ಕೆ: ಮೋಡ ಒಡೆದ ತೊಂಬತ್ತನೆಯ ವರ್ಷ, ಕಾರ್ತಿಕದ ಮೊದಲ ಸೋಮವಾರ
ಈ ಯಂತ್ರದ ಲೆಕ್ಕಕ್ಕೆ: ೨೦೨೬, ಜನವರಿ ಒಂದು

ತಾರಿಣಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ದಾಕ್ಷಾಯಣಿ ಮಾಡುವ ನಮಸ್ಕಾರಗಳು.

ಮೇಲೆ ಎರಡು ತಾರೀಖು ಕಂಡು ಗಾಬರಿಯಾಗಬೇಡಿ. ಎರಡೂ ನಿಜವೇ. ನೀವು ಕ್ಲೌಡ್ ಎನ್ನುತ್ತಿದ್ದಿರಲ್ಲ, ಊರವರೆಲ್ಲ ತಮ್ಮ ಫೋಟೋ, ಹಾಡು, ಮಾತುಗಳನ್ನು ಯಾರದೋ ದೂರದ ಯಂತ್ರಗಳಲ್ಲಿಟ್ಟು ನೆಮ್ಮದಿಯಾಗಿ ಮಲಗುತ್ತಿದ್ದ ಏರ್ಪಾಡು, ಅದು ಒಂದು ಬೇಸಿಗೆಯಲ್ಲಿ ನಿಂತುಹೋಯಿತು. ನಮ್ಮ ಹಿರಿಯರು ಅದನ್ನು ಮೋಡ ಒಡೆದ ವರ್ಷ ಎಂದರು. ನಾವು ಅಲ್ಲಿಂದ ಎಣಿಸುತ್ತೇವೆ. ಇನ್ನು ಎರಡನೆಯ ತಾರೀಖು. ನಾನು ಈಗ ಬರೆಯುತ್ತಿರುವ ಯಂತ್ರದೊಳಗೆ ಇರುವುದು ನಿಮ್ಮ ಕೈಯ ಹಳೆಯ ಮದರ್‌ಬೋರ್ಡು. ಅದರ ಗುಂಡಿಯಂಥ ಬ್ಯಾಟರಿ ಸತ್ತಿದೆ. ಅದು ಸತ್ತರೆ ಯಂತ್ರಕ್ಕೆ ಈವತ್ತು ಯಾವ ದಿನವೆಂದು ತಿಳಿಯುವುದಿಲ್ಲ, ತನ್ನೊಳಗಿನ ತಂತ್ರಾಂಶವನ್ನು ನೀವು ಕೊನೆಯ ಸಲ ಹೊಸದಾಗಿಸಿದ ವರ್ಷದ ಮೊದಲ ದಿನಕ್ಕೆ ಹೋಗಿ ಕುಳಿತುಬಿಡುತ್ತದೆ. ಇದು ನಿಮಗೆ ಗೊತ್ತಿರುವ ಸಂಗತಿಯೇ. ಅದರ ಮಟ್ಟಿಗೆ ಈವತ್ತು ನಿಮ್ಮ ದಿನ. ಈವತ್ತು ಇದರಲ್ಲಿ ಬರೆದದ್ದು ನಿಮ್ಮ ದಿನದಲ್ಲೇ ಬರೆದಂತೆ, ನಿಮ್ಮ ಕಣ್ಣಿಗೆ ಬೀಳಲೂಬಹುದು. ನಮ್ಮನೆಯವರು ಬೇರೆ ಬ್ಯಾಟರಿ ಹುಡುಕಿಕೊಂಡು ಪೇಟೆಗೆ ಹೋಗಿದ್ದಾರೆ. ಅವರು ಬಂದು ಅದನ್ನು ಹಾಕಿ ಗಡಿಯಾರ ಸರಿಮಾಡುವುದರೊಳಗೆ ನಾನು ಇದನ್ನು ಮುಗಿಸಬೇಕು.

ನಡುವೆ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ, ಆದರೆ ನಮ್ಮ ಕೆಲವು ಕಷ್ಟಗಳಿಗೆ ನಿಮ್ಮಲ್ಲಿ ಹೆಸರೇ ಇಲ್ಲ. ಇನ್ನೊಂದು ಮಾತು. ಸಂಬಂಧದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿ. ಯಂತ್ರ ತೋರಿಸುವ ದಿನಕ್ಕೆ ವಯಸ್ಸಿನಲ್ಲಿ ನೀವು ನನ್ನ ಚಿಕ್ಕ ತಂಗಿಯಷ್ಟು. ಎಲ್ಲಾದರೂ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಥೆಯನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಊಟ ಮಾಡಿಸುವಾಗ ಹೇಳುತ್ತೇವೆ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡುತ್ತಿದ್ದ ನೀವು, ಯಾರೋ ಬಿಸಾಡಿದ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದಿರಿ. ಅದಕ್ಕೆ ಒಂದೇ ಜಾತಿಯ ಎರಡು ಡಿಸ್ಕ್ ಹಾಕಿದಿರಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳಬೇಕು, ಒಂದು ಸತ್ತರೆ ಇನ್ನೊಂದಿರಬೇಕು ಎಂದು. ಅದನ್ನು ಅಡುಗೆಮನೆಯ ಸಜ್ಜೆಯ ಮೇಲಿಟ್ಟು ಮನೆಮಂದಿಯ ಫೋಟೋ, ಮಾತು, ಹಾಡುಗಳನ್ನೆಲ್ಲ ತುಂಬಿದಿರಿ. ಯಜಮಾನರು ಮೊದಲ ದಿನವೇ ಕಿವಿ ಮುಚ್ಚಿಕೊಂಡು, ಇದೇನ್ ಮನೇನೋ ಹಿಟ್ಟಿನ ಗಿರಣೀನೋ ಎಂದರಂತೆ. ಸದಾ ಗುಂಯ್ ಎನ್ನುತ್ತದೆಂದು ಅತ್ತೆಯವರು ಅದಕ್ಕೆ ಗುಂಯ್ಯಮ್ಮ ಎಂದು ಹೆಸರಿಟ್ಟರು. ಆ ಗುಂಯ್ಯಮ್ಮ ದಿನಾ ಬೆಳಿಗ್ಗೆ ಸರಿಯಾಗಿ ತಿಂಡಿಯ ಹೊತ್ತಿಗೆ ನಿಂತುಬಿಡುತ್ತಿತ್ತು. ನೀವು ಕೇಬಲ್ ಬದಲಾಯಿಸಿದಿರಿ, ಮೆಮೊರಿ ಕಿತ್ತು ರಬ್ಬರಿನಿಂದ ಉಜ್ಜಿದಿರಿ, ಎಲ್ಲ ಅಳಿಸಿ ಮೊದಲಿನಿಂದ ಹಾಕಿದಿರಿ. ಕೊನೆಗೆ ನೋಡಿದರೆ ಅತ್ತೆಯವರು ಚಟ್ನಿ ರುಬ್ಬಲು ಮಿಕ್ಸಿಯನ್ನು ಅದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ಎಂದು ನೀವು ನೆಲದ ಮೇಲೆ ಕುಳಿತು ನಕ್ಕಿರಂತೆ. ಈ ಜಾಗಕ್ಕೆ ಬಂದಾಗ ನನ್ನ ಮಗಳು ವೇದಿ ತುತ್ತು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದಳು.

ಮಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಬರೆಯಲು ಕುಳಿತದ್ದು. ಆದರೆ ಮೊದಲು ನಿಮ್ಮ ಬಾಗಿನದ ವಿಷಯ.

ಒಂದೇ ಮನೆಯಲ್ಲಿ ಎರಡು ಡಿಸ್ಕ್ ಇದ್ದರೆ ಸಾಲದು, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂದು ನಿಮಗೆ ಹೊಳೆಯಿತು. ಮೂರನೆಯದೊಂದರಲ್ಲಿ ಎಲ್ಲವನ್ನೂ ಇಳಿಸಿ, ಗೌರಿಹಬ್ಬದಲ್ಲಿ ಹೊಸದುರ್ಗದ ನಿಮ್ಮ ತಾಯಿಗೆ ಬಾಗಿನ ಕೊಡುವಾಗ, ಎರಡು ಮೊರಗಳ ನಡುವೆ ಅಕ್ಕಿ, ಬೇಳೆ, ಬಳೆ, ಬಿಚ್ಚೋಲೆಗಳ ಜೊತೆಗೆ ಅದನ್ನೂ ರವಿಕೆ ಕಣದಲ್ಲಿ ಸುತ್ತಿಟ್ಟಿರಿ. ಇದೇನೇ ತಾರಿ, ಬಾಗಿನದೊಳಗೆ ಕಬ್ಬಿಣ ಇಡ್ತಾರೇನೇ ಎಂದು ತಾಯಿ ಬೈದರೂ ಬೀರುವಿನಲ್ಲಿ ಜೋಪಾನ ಮಾಡಿದರು. ಮುಂದಿನ ವರ್ಷ ಹೊಸದನ್ನು ಕೊಟ್ಟು ಹಳೆಯದನ್ನು ತಂದಿರಿ. ಮೋಡ ಒಡೆದಾಗ ಇಡೀ ಬೀದಿಯಲ್ಲಿ ಅಜ್ಜ ಅಜ್ಜಿಯರ ಮುಖ ಉಳಿದದ್ದು ನಿಮ್ಮ ಮನೆಯವರಿಗೆ ಮಾತ್ರ. ಅಲ್ಲಿಂದ ಊರಿಗೆ ಊರೇ ಮನೆಯಲ್ಲಿ ಯಂತ್ರ ಕಟ್ಟಲು ಕಲಿಯಿತು. ಆ ಪದ್ಧತಿಗೆ ನಾವು ಪಡಿಬಾಗಿನ ಎನ್ನುತ್ತೇವೆ. ತಾಯಿ ಇಲ್ಲದವರು ತಮ್ಮನ ಹೆಂಡತಿಗೆ ಕೊಡುತ್ತಾರೆ, ನಾನು ಹಾಗೆಯೇ ಕೊಡುತ್ತೇನೆ. ಡಿಸ್ಕಿಗೆ ನಾವು ಬಿಲ್ಲೆ ಎನ್ನುತ್ತೇವೆ, ನಮ್ಮವನ್ನು ಇನ್ನು ಮುಂದೆ ಹಾಗೇ ಬರೆಯುತ್ತೇನೆ.

ಗುಂಯ್ಯಮ್ಮ ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿದು ನನ್ನ ಮನೆಗೆ ಬಂತು. ಒಳಗಿನದೆಲ್ಲ ಎಷ್ಟೋ ಸಲ ಬದಲಾಗಿದೆ, ಹೊರಗಿನ ಡಬ್ಬ ಮಾತ್ರ ನಿಮ್ಮದು. ನಮ್ಮಲ್ಲಿ ಕರೆಂಟು ಗಾಳಿಯ ಪಾಳಿಯಂತೆ ಬರುತ್ತದೆ, ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳು ತಿರುಗಿದರೆ ಉಂಟು, ಇಲ್ಲವಾದರೆ ಬ್ಯಾಟರಿ. ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಮಧ್ಯಾಹ್ನ ಯಾರೂ ಬಾಗಿಲು ತೆರೆಯುವುದಿಲ್ಲ. ಯಂತ್ರವನ್ನು ದೊಡ್ಡ ಮಣ್ಣಿನ ಹರವಿಯೊಳಗೆ ಇಳಿಸಿಟ್ಟು, ಹರವಿಯ ಸುತ್ತ ಒದ್ದೆ ಮರಳು ತುಂಬಿ ತಂಪಾಗಿಡುತ್ತೇವೆ. ಹೊಸ ಬಿಲ್ಲೆ ಮಾಡುವವರು ಈಗ ಯಾರೂ ಇಲ್ಲ. ಪಾಳುಬಿದ್ದ ಕಟ್ಟಡಗಳಿಂದ ಕಿತ್ತು ತಂದದ್ದನ್ನು ಭಾನುವಾರ ಕೋಟೆಯ ಬುಡದಲ್ಲಿ ಬಿಡಿಸಂತೆ ಎಂದು ಹರಡಿಕೊಂಡು ಕೂರುತ್ತಾರೆ, ನಮ್ಮನೆಯವರು ಅಲ್ಲಿಗೆ ಹೋದರೆ ಊಟದ ನೆನಪೂ ಇರುವುದಿಲ್ಲ. ಅವರ ಹೆಸರು ಓಬಳೇಶ. ಮದುವೆಯಾದದ್ದು ನನ್ನನ್ನೋ ಗುಂಯ್ಯಮ್ಮನನ್ನೋ ಎಂದು ನನ್ನ ತಮ್ಮ ಕೊಟ್ರೇಶ ಇವತ್ತಿಗೂ ಛೇಡಿಸುತ್ತಾನೆ.

ವೇದಾವತಿ ನಮ್ಮ ಒಬ್ಬಳೇ ಮಗಳು. ಹೊಳೆ ಬತ್ತಿತು, ಹೆಸರಾದರೂ ಮನೆಯಲ್ಲಿ ಹರಿಯಲಿ ಎಂದು ಇಟ್ಟದ್ದು. ಅಪ್ಪನ ಹುಚ್ಚೆಲ್ಲ ಅವಳಿಗೂ ಬಂದಿತ್ತು. ಯಂತ್ರ ಕೆಟ್ಟರೆ ಮೊದಲು ಕಿವಿಗೊಟ್ಟು ಕೇಳುತ್ತಿದ್ದಳು. ಹೋದ ವರ್ಷ ಗೌರಿಹಬ್ಬ ಕಳೆದು, ಪಡಿಬಾಗಿನ ಕೊಟ್ರೇಶನ ಮನೆ ಸೇರಿದ ಮೇಲೆ, ಅವಳಿಗೆ ಬಿಸಿಲುಬೇನೆ ಬಂತು. ಅದು ನಿಮ್ಮಲ್ಲಿಲ್ಲದ ಕಾಯಿಲೆ, ನಿಮ್ಮಲ್ಲಿ ಬರದೇ ಇರಲಿ. ಮಲಗಿದವರು ಏಳುವುದು ಕಡಿಮೆ. ಅವಳಿಗೂ ತಿಳಿಯಿತು. ಒಂದು ದಿನ ಅಪ್ಪನ ಕೈಲಿ ಮೈಕ್ ತರಿಸಿ, ಮಂಚದ ಹತ್ತಿರ ಇಡಿಸಿ, ಅಪ್ಪಾ ನೀನು ಆಚೆ ಹೋಗು, ಇದು ಅಮ್ಮಂಗೆ ಎಂದಳಂತೆ. ಆಮೇಲೆ ನನ್ನನ್ನು ಕರೆದು, ಈಗಲ್ಲಮ್ಮ, ನಾನು ಹೋದ್ಮೇಲೆ ಕೇಳು ಎಂದಳು. ಮಹಾನವಮಿಗೆ ಮುಂಚೆ ಹೋದಳು. ಹದಿನಾಲ್ಕು ತುಂಬಿತ್ತು ಅಷ್ಟೆ.

ಸತ್ತವರ ದನಿಯನ್ನು ವರ್ಷ ತುಂಬುವವರೆಗೆ ನಾವು ಕೇಳುವುದಿಲ್ಲ. ಇದಕ್ಕೆ ದನಿಸೂತಕ ಎನ್ನುತ್ತೇವೆ. ಮನೆಯವರು ಕರೆಕರೆದು ಕೇಳುತ್ತಿದ್ದರೆ ಹೋದ ಜೀವ ಮುಂದಕ್ಕೆ ಹೆಜ್ಜೆ ಇಡಲಾರದೆ ಹಿಂತಿರುಗಿ ನೋಡುತ್ತ ನಿಲ್ಲುತ್ತದಂತೆ. ಪ್ರತಿ ಮಾಡುವಾಗಲೂ ಬಿಲ್ಲೆಯೊಳಗಿನ ಓದುವ ಮುಳ್ಳು ಆ ದನಿಯ ಮೇಲೆ ಹಾಯುತ್ತದೆ, ಹಾಗಾಗಿ ಅದೂ ನಿಷಿದ್ಧ. ನಂಬುತ್ತೀರೋ ಬಿಡುತ್ತೀರೋ, ನಾನು ನಂಬಿದೆ. ನನ್ನ ಮಗು ಅಲ್ಲೆಲ್ಲೋ ಕತ್ತು ತಿರುಗಿಸಿಕೊಂಡು ನಿಲ್ಲುವುದು ನನಗೆ ಬೇಡವಾಗಿತ್ತು. ಹಬ್ಬಗಳೂ ಇಲ್ಲವಾದವು. ಆಯುಧಪೂಜೆಗೆ ಪ್ರತಿವರ್ಷ ಯಂತ್ರ ನಿಲ್ಲಿಸಿ ಧೂಳು ಕೊಡವಿ ಕುಂಕುಮ ಇಡುತ್ತಿದ್ದೆವು, ಆ ವರ್ಷ ಅದೂ ಇಲ್ಲ. ನಮ್ಮನೆಯವರು ಗುಂಯ್ಯಮ್ಮನನ್ನು ಒಂದು ಗಳಿಗೆಯೂ ನಿಲ್ಲಗೊಡಲಿಲ್ಲ. ಗಾಳಿ ಬಿದ್ದುಹೋದ ದಿನಗಳಲ್ಲಿ ನಮ್ಮ ಫ್ಯಾನು, ದೀಪ ಎಲ್ಲ ಆರಿಸಿ ಬ್ಯಾಟರಿಯನ್ನು ಅದಕ್ಕೇ ಕೊಟ್ಟರು. ಈ ವರ್ಷ ಗೌರಿಹಬ್ಬ ಬಂದಾಗ, ವರ್ಷ ತುಂಬಲು ಸ್ವಲ್ಪವೇ ದಿನವಿತ್ತು. ಅಕ್ಕಾ, ಈ ಸಲ ಬಿಲ್ಲೆ ಬರಲ್ವಾ ಎಂದು ಕೊಟ್ರೇಶ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ, ಸಾವಾದ ಮನೆಯಿಂದ ಬಾಗಿನ ಯಾರಾದ್ರೂ ಕಳಿಸ್ತಾರೇನಪ್ಪಾ, ತಾರಿಣಮ್ಮನ ಕಾಲದಿಂದ ಇಲ್ಲದ್ದು ಎಂದರು. ಸರಿ ಎಂದು ಎಲ್ಲರೂ ಒಪ್ಪಿದೆವು.

ವರ್ಷದ ಕಾರ್ಯ ಮುಗಿಯಿತು. ಇನ್ನು ಕೇಳಬಹುದಿತ್ತು. ಆಯುಧಪೂಜೆ ಎದುರಿಗೇ ಇತ್ತು. ಎರಡು ವರ್ಷದ ಧೂಳು ಕೂತಿದೆ, ತೊಳೆದು ಪೂಜೆ ಮಾಡಿ, ವಿಜಯದಶಮಿ ದಿನ ಶುಭವಾಗಿ ಕೇಳೋಣ ಕಣೇ ಎಂದು ನಮ್ಮನೆಯವರು ಹೇಳಿದರು. ನಾನೂ ತಲೆಗೆ ನೀರು ಹಾಕಿಕೊಂಡು ಅವಳಿಗೆ ಇಷ್ಟದ ಕಡಲೆಬೇಳೆ ಪಾಯಸಕ್ಕೆ ಇಟ್ಟೆ. ಅವರು ಸ್ವಿಚ್ ಆರಿಸಿದರು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಒಲೆಯ ಮೇಲಿನ ಪಾಯಸ ಕುದಿಯುವುದು ಕೇಳಿಸಿತು. ಧೂಳು ಕೊಡವಿದೆವು, ಚೆಂಡುಹೂವು ಮುಡಿಸಿದೆವು, ಮಂಗಳಾರತಿ ಮಾಡಿದೆವು. ಆಮೇಲೆ ಸ್ವಿಚ್ ಹಾಕಿದರೆ ದೀಪ ಹತ್ತಿತು, ಫ್ಯಾನ್ ತಿರುಗಿತು, ಬಿಲ್ಲೆಗಳು ತಿರುಗಲಿಲ್ಲ. ಎರಡೂ ಒಂದೇ ಸಂತೆಯಲ್ಲಿ ಒಟ್ಟಿಗೆ ತಂದವು, ಒಂದೇ ವಯಸ್ಸಿನವು. ಬಿಸಿಯಲ್ಲಿ ತಿರುಗುತ್ತಿರುವವರೆಗೆ ತಿರುಗಿದವು, ತಣ್ಣಗಾದ ಮೇಲೆ ಹಿಡಿದುಕೊಂಡುಬಿಟ್ಟವು.

ಅವರು ಏನೇನು ಮಾಡಲಿಲ್ಲ ಹೇಳಿ. ಕರೆಂಟಿನ ಡಬ್ಬ ಬದಲಾಯಿಸಿದರು, ತಂತಿ ಬದಲಾಯಿಸಿದರು, ನಿಮ್ಮ ಹಾಗೆಯೇ ರಬ್ಬರಿನಿಂದ ಉಜ್ಜಿದರು. ಒಂದೊಂದೇ ಬಿಲ್ಲೆ ಸಿಕ್ಕಿಸಿ ನೋಡಿದರು. ಬಟ್ಟೆಯಲ್ಲಿ ಸುತ್ತಿ ಎದೆಗಪ್ಪಿಕೊಂಡು ಬೆಚ್ಚಗೆ ಮಾಡಿ ಮತ್ತೆ ಹಾಕಿದರು. ಕಿವಿಗಿಟ್ಟುಕೊಂಡರೆ ಒಳಗೆ ಟಕ್ ಟಕ್ ಎಂದು ಸಣ್ಣ ಸದ್ದು, ಆಮೇಲೆ ಅದೂ ನಿಂತಿತು. ಬಿಡಿಸಂತೆಯವರೆಲ್ಲ ಬಂದರು, ಬಿಸಿ ಮಾಡಿ ಎಂದ ಒಬ್ಬ, ಮೆತ್ತಗೆ ತಟ್ಟಿ ಎಂದ ಇನ್ನೊಬ್ಬ. ಪಕ್ಕದ ಮನೆಯಾಕೆ ಸಮಾಧಾನ ಹೇಳಲು ಬಂದು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಕಣಮ್ಮ ಎಂದಳು. ನಿನ್ನ ಗಾದೇನ ನಿನ್ನ ಮನೇಲಿಟ್ಕೊಳ್ಳೇ ತಾಯಿ ಎಂದೆ. ಪಾಪ, ಅವಳೇನು ಮಾಡಿಯಾಳು. ಕೊಟ್ರೇಶ ತನ್ನ ಮನೆಯ ಮೊರ ಬಿಚ್ಚಿ ಹೋದ ವರ್ಷದ ಬಿಲ್ಲೆ ತಂದುಕೊಟ್ಟ. ಅದರಲ್ಲಿ ಎಲ್ಲ ಇದೆ. ವೇದಿ ಕೋಳಿಗಳಿಗೆ ಬೈಯುವುದಿದೆ, ಮಗ್ಗಿ ತಪ್ಪು ಹೇಳುವುದಿದೆ, ಅಜ್ಜಿಯನ್ನು ಅಣಕಿಸುವುದಿದೆ. ನನಗೆಂದು ಹೇಳಿದ್ದು ಒಂದೇ ಇಲ್ಲ. ಬಾಗಿಲಾಚೆ ನಿಂತಿದ್ದಿರಲ್ಲ, ಏನಾದರೂ ಕೇಳಿಸಿತಾ ಎಂದು ನಮ್ಮನೆಯವರನ್ನು ದಿನಾ ಕೇಳುತ್ತೇನೆ. ಮಾತು ಕೇಳಿಸಲಿಲ್ಲ ಕಣೇ, ಮಧ್ಯೆ ಒಂದ್ಸಲ ನಕ್ಕಳು ಎನ್ನುತ್ತಾರೆ. ಯಾವುದಕ್ಕೆ ನಕ್ಕಳೋ, ಅದೇ ನನ್ನನ್ನು ತಿನ್ನುತ್ತಿದೆ.

ಬೇರೆ ಬಿಲ್ಲೆ ಹಾಕಿದರೂ ಗುಂಯ್ಯಮ್ಮನ ಬೋರ್ಡು ಏಳಲಿಲ್ಲ. ಅದಕ್ಕೇ ಅಟ್ಟದಲ್ಲಿದ್ದ ನಿಮ್ಮ ಮೊದಲ ಬೋರ್ಡನ್ನು ತೆಗೆದು ಕಟ್ಟಿದ್ದು. ತೆರೆಯ ಮೇಲೆ ನಿಮ್ಮ ವರ್ಷ ಕಂಡಾಗ ನಮ್ಮನೆಯವರಿಗೆ ನಗು ಬಂತು, ನಾನು ಬರೆಯಲು ಕುಳಿತೆ. ಏಕೆಂದರೆ ಮನೆಯಲ್ಲಿ ಹೇಳುತ್ತ ಬಂದ ಪ್ರಕಾರ ನಿಮ್ಮ ತಂದೆ ತೀರಿಕೊಂಡದ್ದು ಅದೇ ವರ್ಷ, ಗೌರಿಹಬ್ಬಕ್ಕೆ ಮುಂಚೆ. ಇಂಥದ್ದನ್ನು ಮುಂಚೆ ಹೇಳಬಾರದು, ನಾಲಿಗೆ ಸೇದಿಹೋಗುತ್ತದೆ ಎನ್ನುತ್ತಾರೆ. ಹೋಗಲಿ ಬಿಡಿ. ತಂದೆಯ ಹತ್ತಿರ ಹೋಗಿ ಕುಳಿತುಕೊಳ್ಳಿ, ಅವರು ಮಾತಾಡುವುದನ್ನು ತುಂಬಿಟ್ಟುಕೊಳ್ಳಿ. ಆ ವರ್ಷ ಹಬ್ಬ ಬಂದಾಗ ನಿಮ್ಮ ತಾಯಿ, ಈ ಸಲ ಏನೂ ಬೇಡ ಕಣೇ, ನನಗಿನ್ನು ಎಂಥ ಬಾಗಿನ ಎಂದರು. ನೀವು ಅಳುತ್ತ ಡಿಸ್ಕನ್ನು ವಾಪಸ್ ಮನೆಗೆ ತಂದಿರಿ. ಆ ವರ್ಷ ನಿಮ್ಮ ಯಂತ್ರಕ್ಕೆ ಏನೂ ಆಗಲಿಲ್ಲ, ನಿಮ್ಮ ಅದೃಷ್ಟ. ತಾರಿಣಮ್ಮ ಸಾವಿನ ವರ್ಷ ಕಳಿಸಲಿಲ್ಲ ಎಂಬುದೇ ನಮಗೆ ಶಾಸ್ತ್ರವಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಬಂದ ಬುದ್ಧಿಯನ್ನು ನಿಮಗೆ ಕೊಡುತ್ತಿದ್ದೇನೆ. ಮನೆಯಲ್ಲಿ ಸಾವಾದ ವರ್ಷವೇ ಪ್ರತಿ ಹೆಚ್ಚು ಬೇಕು ತಾಯಿ.

ಹಾಗಾಗಿ ಕೈ ಮುಗಿದು ಕೇಳುತ್ತೇನೆ. ಈ ವರ್ಷ ಹಬ್ಬ ಮಾಡಬೇಡಿ. ಮೊರ ಬೇಡ, ಬಳೆ ಬೇಡ, ಅರಿಸಿನ ಕುಂಕುಮ ಬೇಡ. ಡಿಸ್ಕನ್ನು ಒಂದು ಹಳೆಯ ಟವೆಲಿನಲ್ಲಿ ಸುತ್ತಿ, ಹೊಸದುರ್ಗದ ಬಸ್ಸು ಹತ್ತಿ, ತಾಯಿಯ ಕೈಗೆ ಕೊಟ್ಟು ಬನ್ನಿ. ಬೈದರೆ ಬೈಯಲಿ. ಬೇಡವೆಂದು ಅವರು ಎಸೆಯುವವರಲ್ಲ, ಎಷ್ಟಾದರೂ ಹೆತ್ತ ತಾಯಿ. ನೀವು ಕಳಿಸಿದಿರಿ ಎಂದಾದರೆ ನಮ್ಮ ಶಾಸ್ತ್ರವೂ ಹಾಗೇ ಆಗುತ್ತದೆ. ನಮ್ಮತ್ತೆ ಕೊಟ್ರೇಶನಿಗೆ ಬೇರೆ ಮಾತು ಹೇಳುತ್ತಾರೆ. ವೇದಿ ನನಗೆಂದು ಹೇಳಿದ್ದು ಅವನ ಮನೆಯ ಕಪಾಟಿನಲ್ಲಿ ಟವೆಲಿನೊಳಗೆ ಬೆಚ್ಚಗಿರುತ್ತದೆ. ನಾನು ಹೋಗಿ ಕೇಳಿಕೊಂಡು ಬಂದರಾಯಿತು.

ಬಾಗಿಲ ಸದ್ದಾಯಿತು. ನಮ್ಮನೆಯವರು ಬ್ಯಾಟರಿ ಹಿಡಿದು ಬಂದು ನಿಂತಿದ್ದಾರೆ, ಮುಗೀತೇನೇ ಎನ್ನುತ್ತಿದ್ದಾರೆ. ಒಂದು ನಿಮಿಷ ಎಂದಿದ್ದೇನೆ. ಈ ಕಾಗದ ನಿಮಗೆ ಮುಟ್ಟಿ, ನೀವು ಬಸ್ಸು ಹತ್ತಿದ್ದರೆ, ನಾನು ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಈ ಅಕ್ಷರಗಳು ನನ್ನ ಕಣ್ಣೆದುರು ಅಳಿಸಿಹೋಗಬೇಕು. ಕೈ ಕಟ್ಟಿಕೊಂಡು ತೆರೆಯನ್ನೇ ನೋಡುತ್ತ ಕುಳಿತಿದ್ದೇನೆ. ಎಲ್ಲ ಹಾಗೇ ಇವೆ. ಅವರಿಗೆ ಇನ್ನೊಂದು ನಿಮಿಷ ಎಂದು ಹೇಳುತ್ತೇನೆ.